ಆಡುಸೋಗೆಯ ಹಾಳೆ

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಸಸ್ಯಶಾಸ್ತ್ರ ತೆಗೆದುಕೊಂಡವರೆಲ್ಲ ಒಂದು ಹರ್ಬೇರಿಯಂ ಒಪ್ಪಿಸಬೇಕಿತ್ತು. ಹೆಸರು ಕೇಳಿದರೆ ಏನೋ ದೊಡ್ಡದು ಅನ್ನಿಸುತ್ತದೆ, ಮಾಡಿದವರಿಗೆ ಗೊತ್ತು ಅದರ ಗೋಳು. ಗಿಡ ಕಿತ್ತು ತಂದು, ಹಳೇ ಪೇಪರಿನ ನಡುವೆ ಹರಡಿ, ಮೇಲೆ ಭಾರ ಹೇರಿ, ದಿನಾ ಪೇಪರು ಬದಲಾಯಿಸಿ ಒಣಗಿಸಬೇಕು. ಒಣಗಿದ್ದನ್ನು ದಪ್ಪ ಬಿಳಿ ಹಾಳೆಗೆ ಅಂಟಿಸಿ, ಕಾಂಡಕ್ಕೆ ಬಿಳಿ ದಾರದ ಹೊಲಿಗೆ ಹಾಕಿ, ಕೆಳಗೆ ಬಲಮೂಲೆಗೆ ಒಂದು ಚೀಟಿ ಹಚ್ಚಬೇಕು. ಚೀಟಿಯಲ್ಲಿ ಮೊದಲು ಕುಟುಂಬದ ಹೆಸರು, ಆಮೇಲೆ ಲ್ಯಾಟಿನ್ ಹೆಸರು, ಅದರ ಕೆಳಗೆ ಕಿತ್ತ ಜಾಗ. ಇದರ ಜೊತೆಗೆ ನಮ್ಮ ಮೇಡಂ ತಮ್ಮದೂ ಒಂದು ಕಟ್ಟಳೆ ಸೇರಿಸಿದ್ದರು. ನಿಮ್ಮ ಮನೆಯಲ್ಲಿ ಆ ಗಿಡವನ್ನು ಏನೆಂದು ಕರೆಯುತ್ತಾರೋ ಅದನ್ನು ದುಂಡಗೆ ಕನ್ನಡದಲ್ಲಿ ಬರೆಯಬೇಕು. ಮಕ್ಕಳು ಓದಿದ್ದು ಮನೆಯವರಿಗೂ ಸ್ವಲ್ಪ ತಿಳಿಯಲಿ ಎಂಬುದು ಅವರ ಆಸೆ. ನನಗೂ ಅದು ಸರಿ ಅನ್ನಿಸಿತ್ತು.

ಇನ್ನೊಂದು ಕೆಲಸವಿತ್ತು. ಒಣಗಿದ ಗಿಡಕ್ಕೆ ಹುಳ ಬೀಳದಿರಲಿ ಎಂದು ಅಂಟಿಸುವ ಮುಂಚೆ ಅದನ್ನು ವಿಷದ ನೀರಿನಲ್ಲಿ ಅದ್ದುತ್ತಿದ್ದೆವು. ಮರ್ಕ್ಯುರಿಕ್ ಕ್ಲೋರೈಡ್, ಅಂದರೆ ಪಾದರಸದ ವಿಷ. ಈಗ ಅದನ್ನು ಮಕ್ಕಳ ಕೈಗೆ ಕೊಡುವುದಿಲ್ಲವಂತೆ, ಆಗ ಅದೇ ಪದ್ಧತಿ. ಲ್ಯಾಬಿನಲ್ಲಿ ಮೇಡಂ ಎದುರಿಗೇ ಚಿಮಟದಲ್ಲಿ ಹಿಡಿದು ಅದ್ದಿ, ನೆರಳಲ್ಲಿ ಒಣಗಿಸಿ, ಹಾಳೆಗೆ ಅಂಟಿಸಿದ ಮೇಲೆ ಅವರು ಹಾಳೆಯ ಹಿಂಬದಿಗೆ ನೇರಳೆ ಶಾಯಿಯ ಮೊಹರು ಒತ್ತುತ್ತಿದ್ದರು. ಇಂಗ್ಲಿಷಿನಲ್ಲಿ ಒಂದೇ ಪದ: ಪಾಯ್ಸನ್ಡ್.

ಇದು ತೊಂಬತ್ತರ ದಶಕದ ಮಾತು. ಕಾಲೇಜು ಬೆಂಗಳೂರಿನ ಕೆ.ಆರ್. ಪುರದಲ್ಲಿ, ನಾನು ಇದ್ದದ್ದು ಪುಲಿಕೇಶಿನಗರದಲ್ಲಿ ಅಕ್ಕನ ಮನೆಯಲ್ಲಿ. ನಮ್ಮ ಕಡೆಯಿಂದ, ಅಂದರೆ ಕಲಬುರಗಿ ಕಡೆಯಿಂದ, ದುಡಿಯಲು ಬಂದ ಅಕ್ಕ-ಮಾವ ಇಬ್ಬರೂ ಒಂದೇ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಮಾಲೀಕರ ಮನೆ. ಮಾಲೀಕರ ಹೆಂಡತಿಯನ್ನು ನಾವು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಹಾಲಿನವನ ಜೊತೆ ತಮಿಳು, ಮೂರರಲ್ಲೂ ಅವರು ಜಗಳ ಆಡಬಲ್ಲವರಾಗಿದ್ದರು.

ಅಕ್ಕನಿಗೆ ಒಬ್ಬಳೇ ಮಗಳು, ಆಗಷ್ಟೇ ಮಾತು ಕಲಿಯುತ್ತಿದ್ದ ಕೂಸು. ಆ ಚಳಿಗಾಲದಲ್ಲಿ ಅದಕ್ಕೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಕುಡಿದ ಹಾಲೆಲ್ಲ ವಾಂತಿ ಆಗುತ್ತಿತ್ತು. ಡಾಕ್ಟರ ಸಿರಪ್ಪು ಎರಡು ಬಾಟಲಿ ಮುಗಿದಿತ್ತು. ಕೆಲಸಕ್ಕೆ ರಜೆ ಹಾಕಿದರೆ ಕೆಲಸವೇ ಹೋಗುತ್ತದೆಂದು ಅಕ್ಕ ಊರಿಂದ ಆಯಿಯನ್ನು ಕರೆಸಿದಳು. ಆಯಿ ಅಂದರೆ ನಮ್ಮ ತಾಯಿಯ ತಾಯಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ತುಟಿಯಲ್ಲಿ ಸದಾ ಒಂದು ಪ್ರಶ್ನೆ.

ಆಯಿ ಆ ವರ್ಷವೇ ಓದಲು ಕಲಿತಿದ್ದಳು. ಊರಿನಲ್ಲಿ ದೊಡ್ಡವರಿಗೆ ಸಂಜೆಯ ಹೊತ್ತು ಅಕ್ಷರ ಹೇಳಿಕೊಡುತ್ತಿದ್ದರು. ಮೊದಮೊದಲು ನಗೆಯಾಡಿಕೊಂಡು ಹೋದವಳು ಆಮೇಲೆ ಬಿಡಲಿಲ್ಲ. ಬೆಂಗಳೂರಿಗೆ ಬಂದವಳು ಬಸ್ಸಿನ ಬೋರ್ಡು, ಗೋಡೆಯ ಸಿನಿಮಾ ಪೋಸ್ಟರು, ಎಣ್ಣೆಯ ಡಬ್ಬಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬೆರಳಿಟ್ಟು ಓದುತ್ತಿದ್ದಳು. ನಾವಿದ್ದ ಕಂಟೋನ್ಮೆಂಟ್ ಕಡೆ ಕನ್ನಡದ ಬೋರ್ಡು ಕಮ್ಮಿ. ಎಲ್ಲ ಬರೇ ಇಂಗ್ಲಿಷು, ಓದೋಕೆ ಏನೂ ಇಲ್ಲ ಇಲ್ಲಿ ಎಂದು ಬೈಯುತ್ತಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ನಾನು ಹಾಳೆಗಳನ್ನು ಕುಟುಂಬದ ಪ್ರಕಾರ ಜೋಡಿಸುತ್ತಿದ್ದೆ. ಆಯಿ ಬಂದು ಪಕ್ಕದಲ್ಲಿ ಕೂತಳು. ಚೀಟಿಗಳಲ್ಲಿ ಕನ್ನಡ ಕಂಡದ್ದೇ ತಡ, ಮುಖ ಅರಳಿತು. ತುಂಬೆ ಎಂದು ಓದಿದಳು. ಎಕ್ಕ ಎಂದು ಓದಿದಳು. ಉತ್ತರಾಣಿ ಓದುವಾಗ ಒತ್ತಕ್ಷರದ ಹತ್ತಿರ ಸ್ವಲ್ಪ ಎಡವಿ, ಗಿಡ ನೋಡಿ ಗುರುತು ಹಿಡಿದು, ಗೆದ್ದವಳಂತೆ ನಕ್ಕಳು. ಆಯಿಯನ್ನು ಅಷ್ಟು ಖುಷಿಯಾಗಿ ನಾನು ನೋಡಿಯೇ ಇರಲಿಲ್ಲ. ಮೇಲಿನ ಇಂಗ್ಲಿಷ್ ಏನೆಂದು ಕೇಳಿದಳು. ಅದು ಗಿಡದ ಕುಟುಂಬ, ಒಂದೇ ಜಾತಿಯ ಹೂವು ಬಿಡುವವೆಲ್ಲ ಒಂದು ಕುಟುಂಬ ಅಂದೆ.

“ಗಿಡಕ್ಕೂ ಅಡ್ಡಹೆಸರು ಇರ್ತದೇನ? ನಮ್ಮಂಗ?”

ಇರುತ್ತದೆ ಅಂದೆ. ಆಡುಸೋಗೆಯ ಅಡ್ಡಹೆಸರು ಅಕ್ಯಾಂಥೇಸಿ, ತುಂಬೆಯದು ಲೇಮಿಯೇಸಿ. ಆಯಿ ಅವನ್ನು ಬಾಯಲ್ಲಿ ಹೊರಳಿಸಿ ನೋಡಿ, ಇವೇನು ಹೆಸರೋ ಬೈಗಳೋ ಎಂದು ನಕ್ಕಳು. ನಡುವೆ ಎಲೆ ಮುಟ್ಟಲು ಹೋದಾಗ ನಾನು ಕೈ ತಡೆದೆ, ನನ್ನ ಬಾಯಿಯೂ ಸ್ವಲ್ಪ ಜೋರು. ಮುಟ್ಟಬ್ಯಾಡ ಆಯಿ, ನಾಳೆ ಪರೀಕ್ಷೆ ಅಂದೆ. ಒಣ ಎಲೆ ಮುರಿದೀತು ಅನ್ನುತ್ತಿದ್ದಾಳೆ ಎಂದು ಅವಳು ತಿಳಿದಳು. ಅಕ್ಕನಿಗೆ, ಮಾವನಿಗೆ ವಿಷದ ವಿಚಾರ ಗೊತ್ತಿತ್ತು. ಲ್ಯಾಬಿನಲ್ಲಿ ಅದ್ದಿದ ದಿನವೇ ಹೇಳಿದ್ದೆ. ಆಯಿ ಆಗ ಊರಿನಲ್ಲಿದ್ದಳು.

ಬೆಳಿಗ್ಗೆ ನಾನು ಹಾಳೆಗಳ ಕಟ್ಟನ್ನು ಹೆಗಲಿಗೇರಿಸಿ ಚಪ್ಪಲಿ ಮೆಟ್ಟುವಾಗ ಆಯಿ ಒಳಗಿನಿಂದಲೇ ಏನೋ ಹೇಳಿದಳು. ಕೂಸಿಗೆ ಇವತ್ತು ಕಷಾಯ ಮಾಡಿ ಕುಡಿಸುತ್ತೇನೆ, ಈ ಕೆಮ್ಮಿನ ಸೊಕ್ಕು ಮುರಿಯುತ್ತೇನೆ ಅಂತೇನೋ. ಹೂಂ ಅಂದೆ. ನನ್ನ ತಲೆಯಲ್ಲಿ ಕುಟುಂಬಗಳ ಸಂತೆ ನೆರೆದಿತ್ತು.

ಪರೀಕ್ಷೆಗೆ ಹೊರಗಿನಿಂದ ಬಂದ ಮೇಷ್ಟ್ರು ತೆಳ್ಳಗೆ, ಗಂಟುಮುಖದವರು. ಹಾಳೆ ಒಂದೊಂದೇ ಮಗುಚುತ್ತಾ, ಚೀಟಿಯ ಮೇಲೆ ಅಂಗೈ ಮುಚ್ಚಿ, ಪೊಲೀಸರ ಹಾಗೆ ಪ್ರಶ್ನೆ ಹಾಕುತ್ತಿದ್ದರು. ನಾನು ಹೇಳುತ್ತಾ ಹೋದೆ. ಲೇಮಿಯೇಸಿ, ಲ್ಯೂಕಾಸ್ ಆಸ್ಪೆರ, ತುಂಬೆ, ಕೆ.ಆರ್. ಪುರದ ರೈಲು ಹಳಿಯ ಪಕ್ಕ. ಅಮರಾಂಥೇಸಿ, ಅಕಿರಾಂಥಿಸ್ ಆಸ್ಪೆರ, ಉತ್ತರಾಣಿ, ಹಲಸೂರು ಕೆರೆಯ ದಂಡೆ. ಆಸ್ಕ್ಲೆಪಿಯಡೇಸಿ, ಕ್ಯಾಲೊಟ್ರೋಪಿಸ್, ಎಕ್ಕ. ಅವರ ಗಂಟುಮುಖ ಒಂಚೂರು ಸಡಿಲವಾಯಿತು. ನನಗೂ ಧೈರ್ಯ ಬಂತು. ಅವರು ಮುಂದಿನ ಹಾಳೆ ಮಗುಚಿದರು.

ಅದು ಆಡುಸೋಗೆ. ಅಕ್ಯಾಂಥೇಸಿ, ಅಡತೋಡ ವಾಸಿಕ. ಖಾಲಾ ಮನೆಯ ಹಿಂದಿನ ನಲ್ಲಿಯ ಹತ್ತಿರ ಬೆಳೆದಿತ್ತು, ಹೂವಿನ ತೆನೆಯ ಸಮೇತ ಒಂದು ರೆಂಬೆ ಕಿತ್ತಿದ್ದೆ. ಆಮೇಲೆ ಚರಂಡಿ ಪೈಪು ಹಾಕುವವರು ಬಂದು ಆ ಗಿಡವನ್ನು ಬೇರು ಸಮೇತ ಕಡಿದು ಹಾಕಿದ್ದರು. ಈಗ ಹಾಳೆಯ ಮೇಲೆ ತೆನೆ ಇತ್ತು, ಕಾಂಡ ಇತ್ತು, ತುದಿಯ ಎರಡು ಸಣ್ಣ ಎಲೆ ಇದ್ದವು. ಕೆಳಗಿನ ದೊಡ್ಡ ಎಲೆಗಳು ಇರಲಿಲ್ಲ. ಅವು ಇದ್ದ ಜಾಗದಲ್ಲಿ ಗೋಂದಿನ ಕಲೆ ಮಾತ್ರ ಉಳಿದಿತ್ತು.

“ಎಲೆ ಎಲ್ಲಮ್ಮಾ?”

ನನಗೆ ಮೊದಲು ಬಂದದ್ದು ಸಿಟ್ಟು. ಯಾವಳೋ ಹೊಟ್ಟೆಕಿಚ್ಚಿಗೆ ಕಿತ್ತಿದ್ದಾಳೆ ಎಂದು ಹಿಂದೆ ತಿರುಗಿ ಕ್ಲಾಸಿನ ಹುಡುಗಿಯರನ್ನೆಲ್ಲ ನುಂಗುವ ಹಾಗೆ ನೋಡಿದೆ. ಮತ್ತೆ ಹಾಳೆ ನೋಡಿದೆ. ಎಲೆಗಳನ್ನು ಹರಿದಿರಲಿಲ್ಲ. ತೊಟ್ಟಿನ ಹತ್ತಿರ ಉಗುರಿನಲ್ಲಿ ಚಿವುಟಿ, ಹಾಳೆಗೆ ಗಾಯವಾಗದಂತೆ ನಿಧಾನವಾಗಿ ಬಿಡಿಸಿದ್ದರು. ಸೊಪ್ಪು ಬಿಡಿಸಿ ಗೊತ್ತಿದ್ದ ಕೈಯದು. ಬೆಳಿಗ್ಗೆ ಅರ್ಧಂಬರ್ಧ ಕೇಳಿಸಿಕೊಂಡ ಮಾತು ಆಗ ಪೂರ್ತಿಯಾಗಿ ಕೇಳಿಸಿತು. ಕೂಸಿಗೆ ಆಡಸೋಗಿ ಕಷಾಯ ಕುಡಸ್ತೀನಿ.

ಎಲ್ಲರೆದುರಿಗೇ ಅತ್ತುಬಿಟ್ಟೆ. ಮೇಡಂ ಎದ್ದು ಬಂದರು. ಅಳುವಿನ ನಡುವೆಯೇ ಹೇಳಿದೆ. ಮನೆಯಲ್ಲಿ ಕೆಮ್ಮುವ ಮಗುವಿದೆ, ಆಯಿ ಈ ಎಲೆಯ ಕಷಾಯ ಮಾಡಿದ್ದಾಳೆ. ಹೊರಗಿನ ಮೇಷ್ಟ್ರು ಹಾಳೆ ತಿರುವಿ ಹಿಂಬದಿಯ ಮೊಹರು ನೋಡಿದರು. ನಡುವೆ ಎದ್ದುಹೋದರೆ ಗೈರುಹಾಜರಿ ಹಾಕಬೇಕಾಗುತ್ತದೆ ಎಂದು ಯಾರೋ ಅಂದರು. ಮೇಷ್ಟ್ರು ಆ ಕಡೆ ತಿರುಗಿಯೂ ನೋಡಲಿಲ್ಲ.

“ಓಡಮ್ಮಾ. ಹಾಲು, ಮೊಟ್ಟೆಯ ಬಿಳಿ, ಯಾವುದು ಸಿಗುತ್ತೋ ಮೊದಲು ಅದನ್ನ ಕುಡಿಸಿ ನೇರ ಆಸ್ಪತ್ರೆಗೆ ಕರ್ಕೊಂಡು ಹೋಗು. ಪಾದರಸ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು.”

ಕಾಲೇಜಿನ ಎದುರಿನ ಎಸ್‌ಟಿಡಿ ಬೂತಿನಿಂದ ಖಾಲಾ ಮನೆಗೆ ಫೋನು ಹಚ್ಚಿದೆ. ರಿಂಗಾಯಿತು. ಆಗುತ್ತಲೇ ಇತ್ತು. ಆ ಹೊತ್ತಿನಲ್ಲಿ ಅವರು ಮನೆ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಮತ್ತೆ ಹಚ್ಚಿದೆ. ಬೂತಿನವನ ಹತ್ತಿರ ಸುಮ್ಮನೆ ಜಗಳ ತೆಗೆದೆ, ನಿನ್ನ ಫೋನೇ ಸರಿಯಿಲ್ಲ ಅಂದೆ. ಪಾಪ, ಅವನೇ ಎದ್ದು ಇನ್ನೊಮ್ಮೆ ಹಚ್ಚಿ ನೋಡಿದ.

ಸಿಕ್ಕ ಬಸ್ಸು ಹತ್ತಿದೆ. ಈಗಿನ ತೂಗುಸೇತುವೆ ಆಗ ಇರಲಿಲ್ಲ, ಹಳೇ ಮದರಾಸು ರಸ್ತೆಗೆ ಅಡ್ಡವಾಗಿ ರೈಲ್ವೆ ಗೇಟಿತ್ತು. ಅಲ್ಲಿ ಬಂದು ನೋಡಿದರೆ ಗೇಟು ಹಾಕಿದೆ. ಲಾರಿ, ಬಸ್ಸು, ಎತ್ತಿನಗಾಡಿ, ಸಂತೆಯಿಂದ ಬರುವ ಟೆಂಪೋ, ಎಲ್ಲ ಒಂದರ ಬೆನ್ನಿಗೊಂದು ನಿಂತು ಹಾರನ್ ಹೊಡೆಯುತ್ತಿದ್ದವು. ಒಂದು ಗೂಡ್ಸು ರೈಲು ಬಂದು, ಸ್ಟೇಷನ್ನಿನ ಕಡೆ ಮುಖ ಹಾಕಿ, ಗೇಟಿನ ನಡುವೆಯೇ ನಿಂತುಬಿಟ್ಟಿತು. ನಮ್ಮ ಬಸ್ಸಿನ ಡ್ರೈವರು ಎಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ. ನನಗೆ ಕಣ್ಣು ಮುಚ್ಚಿದರೆ ಕೂಸಿನ ಬಾಯಿ ಕಾಣುತ್ತಿತ್ತು. ಔಷಧ ಅಂದರೆ ಹಠ ಮಾಡುತ್ತಿತ್ತು, ಆಯಿ ಮೂಗು ಹಿಡಿದು ಕುಡಿಸುವುದರಲ್ಲಿ ಗಟ್ಟಿಗಿತ್ತಿ. ದೊಡ್ಡವರ ಹೊಟ್ಟೆ ತಡೆದೀತು, ಆ ಅಂಗೈಯಷ್ಟು ಹೊಟ್ಟೆ ಹೇಗೆ ತಡೆಯಬೇಕು. ದೇವರೇ, ಇವತ್ತೊಂದು ದಿನ ಕೂಸಿನ ಹಠ ಗೆಲ್ಲಲಿ ಎಂದು ಬೇಡಿಕೊಂಡೆ.

ಬಸ್ಸಿಳಿದು ಓಡಿದೆ. ಗೂಡ್ಸು ಡಬ್ಬಿಗಳ ನಡುವಿನ ಕೊಂಡಿ ದಾಟಿ ಆಚೆ ಹೋಗುತ್ತಿದ್ದ ಗಂಡಸರ ಹಿಂದೆ ನಾನೂ ಹತ್ತಿಳಿದೆ. ಸೀರೆಯ ಅಂಚು ಕೊಂಡಿಗೆ ಸಿಕ್ಕಿ ಹರಿಯಿತು. ಪರೀಕ್ಷೆಗೆಂದು ಅಕ್ಕ ಉಡಿಸಿದ್ದ ಅವಳ ಒಳ್ಳೆಯ ಸೀರೆ ಅದು. ಟಿನ್ ಫ್ಯಾಕ್ಟರಿ ಹತ್ತಿರ ಒಂದು ಆಟೋ ಸಿಕ್ಕಿತು. ಅತ್ತುಕೊಂಡೇ ವಿಷಯ ಹೇಳಿದೆ. ಡ್ರೈವರು ಹಲಸೂರಿನ ತಮಿಳಿನವರು, ಬಯಪ್ಪಡಾದೆಮ್ಮಾ, ಹೆದರಬೇಡ ಎಂದು ಹೇಳುತ್ತಲೇ ಇದ್ದರು, ಹಾರನ್ನಿನ ಮೇಲಿನ ಕೈ ತೆಗೆಯಲಿಲ್ಲ. ಕೆರೆಯ ಏರಿಯ ಹತ್ತಿರ ಎದುರು ದಿಕ್ಕಿನ ವಾಹನಗಳ ಮುಖಕ್ಕೇ ನುಗ್ಗಿದರು. ನಾನು ಬೇಡ ಅನ್ನಲಿಲ್ಲ.

ಮೆಟ್ಟಿಲ ಮೇಲೆ ಕೂಸು ಕೂತಿತ್ತು. ಕೈಯಲ್ಲಿ ಖಾಲಾ ಮನೆಯ ರಸ್ಕು. ಜೊಲ್ಲು ಸುರಿಸಿಕೊಂಡು, ಆರಾಮಾಗಿ, ನನ್ನನ್ನು ನೋಡಿ ನಕ್ಕಿತು. ಬಾಚಿ ಎತ್ತಿಕೊಂಡು ಬಾಯಿ ತೆರೆಸಿ ನೋಡಿದೆ. ನಾಲಿಗೆ ಸರಿಯಾಗಿತ್ತು, ತುಟಿ ಸರಿಯಾಗಿತ್ತು. ಕಷಾಯ ಕುಡದ್ಯಾ ಎಂದು ಭುಜ ಹಿಡಿದು ಅಲ್ಲಾಡಿಸಿದೆ. ಅದು ಹೆದರಿ ಅಳು ತೆಗೆಯಿತು. ಅಳುತ್ತಲೇ ಹೇಳಿತು.

“ಛೀ, ತೂ. ಆಯಿ ಕುಡದ್ಲು.”

ಒಂದು ಗಳಿಗೆ ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಮಾತಿನ ಎರಡನೆಯ ಅರ್ಧ ಕಿವಿಗೇ ಇಳಿಯಲಿಲ್ಲ. ಇಳಿದಾಗ ಕೂಸನ್ನು ಅಲ್ಲೇ ಇಟ್ಟು ಮೇಲೆ ಓಡಿದೆ.

ಆಯಿ ಬಚ್ಚಲ ಹೊಸ್ತಿಲಲ್ಲಿ ಗೋಡೆಗೊರಗಿ ಕೂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಸೆರಗಿನಲ್ಲಿ ರಕ್ತದ ಗೆರೆಯಿತ್ತು. ಖಾಲಾ ಅವಳ ಬೆನ್ನು ನೀವುತ್ತಿದ್ದರು. ವಾಂತಿಯ ಸದ್ದು ಕೇಳಿ ಮೇಲೆ ಬಂದವರು ಇಳಿದೇ ಇರಲಿಲ್ಲ. ಕೆಳಗೆ ಫೋನು ಹೊಡೆದುಕೊಳ್ಳುತ್ತಿದ್ದದ್ದು ಕೇಳಿಸಿತಂತೆ, ಇವರನ್ನು ಬಿಟ್ಟು ಹೇಗೆ ಹೋಗುವುದು ಅಂದರು. ನಡೆದದ್ದು ಇಷ್ಟು. ರಾತ್ರಿ ನಾನು ಮಲಗಿದ ಮೇಲೆ, ತುದಿಯ ಎಲೆ ಉಳಿದರೆ ಸಾಕಲ್ಲ ಎಂದು ಆಯಿ ಕೆಳಗಿನವನ್ನು ಬಿಡಿಸಿಟ್ಟುಕೊಂಡಿದ್ದಳು. ಕೂಸು ಮೊದಲ ಗುಟುಕನ್ನೇ ಉಗುಳಿ ಬಾಯಿ ಮುಚ್ಚಿಕೊಂಡಿತು. ನೋಡು, ಆಯಿ ಕುಡೀತಾಳ, ಸಿಹಿ ಅದ, ಎಂದು ಆಯಿ ತಾನು ಕುಡಿದು ತೋರಿಸಿದಳು. ತಾಮ್ರದ ಬಿಲ್ಲೆ ನೆಕ್ಕಿದ ಹಾಗಿತ್ತಂತೆ. ಆದರೂ ಕೂಸು ನೋಡುತ್ತಿದೆಯಲ್ಲ ಎಂದು ಮುಖ ಕಿವುಚದೆ, ನಗುತ್ತಾ, ಲೋಟ ಬರಿದು ಮಾಡಿದ್ದಳು.

ನಾನು ಆಯಿಯ ಮೇಲೆ ರೇಗಿದೆ. ಸಾಯುತ್ತೀಯಾ, ಯಾರನ್ನು ಕೇಳಿ ಕಿತ್ತೆ, ನಿನಗೆ ಕಣ್ಣಿಲ್ಲವಾ ಎಂದು ಏನೇನೋ ಕೂಗಾಡಿದೆ. ಹೆದರಿಕೆಯಾದಾಗ ನನಗೆ ಬರುವುದು ಬೈಗಳೇ. ಖಾಲಾ ನನ್ನ ರಟ್ಟೆ ಹಿಡಿದು ಎಳೆದು, ವಿಷಯ ಏನು ಮೊದಲು ಹೇಳು ಎಂದು ಗದರಿಸಿದರು. ಪಾದರಸ ಅಂದೆ. ಹಾಲು ಅಂದೆ. ಹಾಲು ಇರಲಿಲ್ಲ, ಇದ್ದ ಪಾವು ಹಾಲನ್ನು ಕೂಸಿಗೆ ಕುಡಿಸಿಯಾಗಿತ್ತು. ಮೊಟ್ಟೆ ಅನ್ನುವುದಕ್ಕೆ ನನಗೆ ನಾಲಿಗೆ ಏಳಲಿಲ್ಲ. ಆಯಿಯ ಎದುರು ಆ ಪದವನ್ನು ನಾವು ಆಡುತ್ತಿರಲಿಲ್ಲ. ಮೊಟ್ಟೆಯ ಅಂಗಡಿಯ ಮುಂದೆ ಹೋಗುವಾಗ ಅವಳು ಲಿಂಗವನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಖಾಲಾ ಕಿವಿಯಲ್ಲಿ ಹೇಳಿದೆ. ಅವರು ಆಯಿಯ ಕಡೆ ಒಮ್ಮೆ ನೋಡಿ, ಧಡಧಡ ಕೆಳಗಿಳಿದು ಹೋದರು.

ದೊಡ್ಡ ಸ್ಟೀಲಿನ ಲೋಟದಲ್ಲಿ ತಂದರು. ಬಿಳಿಯನ್ನು ಮಾತ್ರ ತೆಗೆದು ನೀರು ಹಾಕಿ ಕಡೆದಿದ್ದರು. ಮೇಲೆ ನೊರೆ ಇತ್ತು. ಆದರೆ ವಾಸನೆಯನ್ನು ಏನು ಮಾಡುವುದು? ಆಯಿಯ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ಅವಳಿಗೆ ತಿಳಿಯಿತು. ತಿಳಿದದ್ದು ನಮಗಿಬ್ಬರಿಗೂ ಗೊತ್ತಾಯಿತು. ಖಾಲಾ ಲೋಟ ಹಿಡಿದುಕೊಂಡೇ ನಿಂತರು, ಬಾಯಿಗೆ ಒಡ್ಡಲಿಲ್ಲ. ನಾನು ಏನೋ ಹೇಳಲು ಹೋದೆ. ಆಯಿ ಕೈಯೆತ್ತಿ ತಡೆದಳು. ಲಿಂಗವನ್ನು ಕೊರಳಿಂದ ತೆಗೆದು, ಕಣ್ಣಿಗೊತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು. ಪ್ರಾಣ ಹೋಗುವಾಗಲೂ ಬಿಚ್ಚಬಾರದು ಎಂದು ನಮಗೆ ಹೇಳಿಕೊಟ್ಟವಳು ಅವಳೇ. ಜಗತ್ತಿನ ಎಲ್ಲದರ ಹೆಸರೂ ಬೇಕಾಗಿದ್ದ ಹೆಂಗಸು ನನ್ನ ಮುಖ ನೋಡಿ ಹೇಳಿದಳು.

“ಇದಕ್ಕೇನಂತಾರಂತ ಹೇಳಬ್ಯಾಡ.”

ಕಣ್ಣು ಮುಚ್ಚಿ ಕುಡಿದಳು. ನಡುವೆ ಒಮ್ಮೆ ಉಮ್ಮಳಿಸಿತು, ತಡೆದುಕೊಂಡು ಮತ್ತೆ ಕುಡಿದಳು. ಆಟೋದವರು ಹೋಗದೆ ಕೆಳಗೇ ಕಾಯುತ್ತಿದ್ದರು. ಖಾಲಾ ಕೂಸನ್ನು ಕಂಕುಳಿಗೆ ಹಾಕಿಕೊಂಡರು, ನಾನು ಆಯಿಯನ್ನು ತಬ್ಬಿ ಹಿಡಿದು ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ವಿಷದ ಕೇಸೆಂದರೆ ಆಸ್ಪತ್ರೆಯಲ್ಲಿ ಪೊಲೀಸರನ್ನು ಕರೆಸುತ್ತಾರೆ. ಹೊಟ್ಟೆ ತೊಳೆದು ಮಲಗಿಸಿದ ಮೇಲೆ ಒಬ್ಬ ಪೇದೆ ಬಂದು, ಕುಡಿಸಿದವರು ಯಾರು ಎಂದು ಕೇಳಿದ. ಸೊಸೆಯಂದಿರ ಕೇಸು ನೋಡಿ ನೋಡಿ ಅವನಿಗೆ ಅದೇ ರೂಢಿ. ಆಯಿ ಸುಟ್ಟ ಬಾಯಲ್ಲೇ, ಯಾರೂ ಕುಡಿಸಲಿಲ್ಲ, ಬೇಲಿಯಲ್ಲಿದ್ದ ಸೊಪ್ಪು ನಾನೇ ಕಿತ್ತು ಕುದಿಸಿಕೊಂಡೆ ಅಂದುಬಿಟ್ಟಳು. ನನ್ನನ್ನು ಎಲ್ಲಿ ಹಿಡಿದುಕೊಂಡು ಹೋಗುತ್ತಾರೋ ಎಂದು ಅವಳಿಗೆ ಭಯ. ಡಾಕ್ಟರು ನನ್ನ ಕಡೆ ಅನುಮಾನದಿಂದ ನೋಡಿದರು. ಬೇಲಿಯ ಸೊಪ್ಪಾದರೆ ನೀನು ಹೇಳಿದ ಪಾದರಸ ಎಲ್ಲಿಂದ ಬಂತು? ಆಯಿ ಕಣ್ಣಲ್ಲೇ ನನಗೆ ಸುಮ್ಮನಿರು ಎಂದಳು. ನಾನು ಸುಮ್ಮನಿರಲಿಲ್ಲ. ಬೆಳಿಗ್ಗೆ ಮುಗಿಯದೆ ಉಳಿದ ಪರೀಕ್ಷೆಯನ್ನು ಅಲ್ಲೇ ಮುಗಿಸುವವಳ ಹಾಗೆ ಎಲ್ಲ ಹೇಳಿದೆ. ಕುಟುಂಬ, ಲ್ಯಾಟಿನ್ ಹೆಸರು, ನಾವು ಕರೆಯುವ ಹೆಸರು, ಕಿತ್ತ ಜಾಗ, ಅದ್ದಿದ ನೀರು. ಡಾಕ್ಟರು ಎಲ್ಲವನ್ನೂ ಬರೆದುಕೊಂಡು, ಕೂಸನ್ನೂ ನೋಡಿ ಅದಕ್ಕೇನೂ ಆಗಿಲ್ಲ ಅಂದು, ಆಯಿಯ ಮೂತ್ರಪಿಂಡಕ್ಕೆ ಏಟು ಬಿದ್ದಿದೆಯೋ ಇಲ್ಲವೋ ನೋಡಬೇಕು, ಮೂತ್ರ ಬರುವುದು ಮುಖ್ಯ ಅಂದರು.

ಬರಲಿಲ್ಲ. ಆ ದಿನ ಬರಲಿಲ್ಲ, ಮರುದಿನ ಬರಲಿಲ್ಲ. ಆಯಿಯ ಮುಖ ಊದಿಕೊಂಡಿತು. ಅಕ್ಕ ಕೆಲಸ ಬಿಟ್ಟು ಬಂದು ಕೂತಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಊರಿಗೆ ತಿಳಿಸಬೇಕೇ ಎಂದು ಮಾವ ಮೆಲ್ಲಗೆ ಕೇಳಿದಾಗ ನಾವಿಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದೆವು. ಆಮೇಲೆ ಒಂದು ಬೆಳಿಗ್ಗೆ ನರ್ಸಮ್ಮ ಹಾಸಿಗೆಯ ಪಕ್ಕದಿಂದ ಪ್ಯಾನು ಎತ್ತಿಕೊಂಡು, ಬಂತು ಕಣ್ರೀ, ಅಜ್ಜಿಗೆ ಮೂತ್ರ ಬಂತು ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದರು. ಅಕ್ಕ ಅವರ ಎರಡೂ ಕೈ ಹಿಡಿದು ಅತ್ತಳು. ನಾನು ಕಾರಿಡಾರಿಗೆ ಹೋಗಿ ನೆಲದ ಮೇಲೆ ಕೂತುಬಿಟ್ಟೆ.

ಆಯಿ ಮನೆಗೆ ಬಂದಳು. ಲಿಂಗವನ್ನು ಮತ್ತೆ ಧರಿಸುವ ಮುಂಚೆ ಊರಿನ ಸ್ವಾಮಿಗಳನ್ನು ಕೇಳಬೇಕೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಳು. ಕೊರಳು ಬರಿದಾಗಿರುವುದು ಅವಳಿಗೆ ರೂಢಿಯಾಗಲಿಲ್ಲ, ಮಾತಾಡುವಾಗ ಬೆರಳು ಅಲ್ಲಿಗೇ ಹೋಗಿ ತಡಕುತ್ತಿತ್ತು. ಕೂಸಿನ ಕೆಮ್ಮು ತಾನಾಗಿ ಹೋಯಿತು.

ಕಾಲೇಜಿನಿಂದ ಹರ್ಬೇರಿಯಂ ವಾಪಸು ಬಂತು. ಆ ಮೇಷ್ಟ್ರು ನನಗೆ ಗೈರುಹಾಜರಿ ಹಾಕಿರಲಿಲ್ಲ. ಆದರೆ ಆಡುಸೋಗೆಯ ಹಾಳೆಯಲ್ಲಿ ಎಲೆ ಪೂರ್ತಿ ಇಲ್ಲವೆಂದು ಮಾರ್ಕು ಕಡಿದಿದ್ದರು. ನನಗೆ ನಗು ಬಂತು, ಅಷ್ಟೇ ಸಿಟ್ಟೂ ಬಂತು. ಕಟ್ಟನ್ನು ಅಟ್ಟದ ಮೇಲೆ ಎಸೆಯಲು ಹೋದವಳನ್ನು ಆಯಿ ಕರೆದು, ಆ ಹಾಳೆ ತೋರಿಸು ಅಂದಳು.

ಮುಂಬದಿಯನ್ನು ಅವಳು ನೋಡಲಿಲ್ಲ. ನೇರ ಹಿಂದೆ ತಿರುಗಿಸಿದಳು. ನೇರಳೆ ಮೊಹರಿನ ಮೇಲೆ ಬೆರಳಿಟ್ಟು ಏನು ಬರೆದಿದ್ದಾರೆ ಎಂದು ಕೇಳಿದಳು. ವಿಷ ಹಾಕಿದ್ದು ಎಂದು ಓದಿ ಹೇಳಿದೆ. ಆಮೇಲೆ ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬ ದನಿಯಲ್ಲಿ ಕೇಳಿದಳು.

“ಗಿಡದ ಹೆಸರು ನನಗ ತಿಳಿಯೂ ಹಂಗ ಬರದೀರಿ. ಇದೊಂದ್ ಯಾಕ ಇಂಗ್ಲಿಷ್‌ನಾಗ ಬರದೀರಿ?”

ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ. ನನಗೆ, ಮೇಡಂಗೆ, ಆ ಮೇಷ್ಟ್ರಿಗೆ, ಯಾರಿಗೂ ಅದು ಹೊಳೆದಿರಲಿಲ್ಲ. ಆಯಿ ನನ್ನ ಪೆನ್ನು ಇಸಿದುಕೊಂಡಳು. ಹಾಳೆಯನ್ನು ಮುಂಬದಿಗೆ ತಿರುಗಿಸಿ, ಆಡುಸೋಗೆ ಎಂಬ ಹೆಸರಿನ ಪಕ್ಕದಲ್ಲಿ, ಸಂಜೆಯ ಶಾಲೆಯಲ್ಲಿ ಕಲಿತ ಹಾಗೆ ಒಂದೊಂದೇ ಗೆರೆ ಎಳೆದು, ವಿಷ ಎಂದು ಬರೆದಳು. ಆಮೇಲೆ ಉಳಿದ ಹಾಳೆಗಳನ್ನೂ ಕೊಡು ಅಂದಳು.